ಆರೋಗ್ಯ ಕಾರ್ಡ್‌ನಿಂದ ಜೀವ ಉಳಿಯುತ್ತದೆಯೇ? ಕರ್ನಾಟಕದ 572 ಹಳ್ಳಿಗಳ ಲೆಕ್ಕ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಮೇಲ್ಗಡೆ ಮೂರು ಕೆಂಪು ಎಚ್ಚರಿಕೆ ಗುರುತು, ಕೆಳಗಡೆ ‘ನಿಮ್ಮವರಿಗೆಲ್ಲ ತಲುಪಿಸಿ’ ಎಂಬ ಸಾಲು. ಸಾರಾಂಶ ಇಷ್ಟು: ಸರ್ಕಾರಿ ಆರೋಗ್ಯ ಕಾರ್ಡ್ ತೋರಿಸಿದರೆ ಆಸ್ಪತ್ರೆಯವರು ಸರಿಯಾಗಿ ನೋಡುವುದಿಲ್ಲ, ಎದೆನೋವು, ಪಾರ್ಶ್ವವಾಯು ಅಂಥದ್ದೇನಾದರೂ ಆದರೆ ಕಾರ್ಡಿನ ಮಾತೇ ಎತ್ತಬೇಡಿ, ಸಾಲ ಮಾಡಿಯಾದರೂ ದುಡ್ಡು ಕಟ್ಟಿ.

ಹತ್ತು ನಿಮಿಷದಲ್ಲಿ ಚಿಕ್ಕಪ್ಪ ಉತ್ತರ ಹಾಕಿದರು. ಅವರ ಪರಿಚಯದವರೊಬ್ಬರಿಗೆ ಇದೇ ಕಾರ್ಡಿನಲ್ಲಿ ಹೃದಯದ ಆಪರೇಷನ್ ಆಗಿತ್ತು, ಕೈಯಿಂದ ಹೋದದ್ದು ಬಸ್ ಚಾರ್ಜು ಮಾತ್ರ. ಅದಕ್ಕೆ ಅತ್ತೆಯ ಮರುಉತ್ತರ: ಕಾರ್ಡ್ ಹಿಡಿದುಕೊಂಡು ಹೋದ ಪಕ್ಕದ ಮನೆಯವರನ್ನು ಒಂದು ಆಸ್ಪತ್ರೆ ‘ಸರ್ವರ್ ಇಲ್ಲ’ ಎಂದು ಎರಡು ದಿನ ಕೂರಿಸಿತ್ತಂತೆ. ಸಂಜೆಯ ಹೊತ್ತಿಗೆ ಗುಂಪು ಎರಡು ಪಕ್ಷವಾಯಿತು. ರಾತ್ರಿ ಅಮ್ಮ ನನಗೆ ಬೇರೆಯಾಗಿ ಕೇಳಿದರು, ‘ಇದರಲ್ಲಿ ಯಾವುದು ನಿಜ?’

ಎರಡೂ ನಿಜ ಇರಬಹುದು. ತೊಂದರೆ ಇರುವುದೇ ಅಲ್ಲಿ. ಒಬ್ಬರಿಗೆ ಒಳ್ಳೆಯದಾಯಿತು, ಇನ್ನೊಬ್ಬರಿಗೆ ಕೆಟ್ಟದ್ದಾಯಿತು ಎಂಬ ಎರಡು ಕಥೆಗಳಿಂದ ‘ಕಾರ್ಡ್ ಬಳಸಬೇಕೋ ಬೇಡವೋ’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವೊಂದಿದೆ. ಜನ ನಿಜವಾಗಿ ಎಲ್ಲಿಗೆ ಹೋದರು, ಎಷ್ಟು ಖರ್ಚು ಮಾಡಿದರು, ಬದುಕಿದರೋ ಇಲ್ಲವೋ ಎಂದು ಸಾವಿರಾರು ಮನೆಗಳಿಂದ ಕಲೆಹಾಕಿದ ಮಾಹಿತಿಯನ್ನು ‘ನೈಜ ಜಗತ್ತಿನ ದತ್ತಾಂಶ’ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಅಲ್ಲ, ಬದುಕಿನಲ್ಲಿ ನಡೆದದ್ದರ ದಾಖಲೆ ಅದು. ಆ ದಾಖಲೆಯ ಪಕ್ಕದಲ್ಲಿ ಖರ್ಚಿನ ಪಟ್ಟಿಯನ್ನಿಟ್ಟು, ಹಾಕಿದ ಹಣಕ್ಕೆ ಎಷ್ಟು ಆರೋಗ್ಯ ಸಿಕ್ಕಿತು ಎಂದು ಕೇಳುವುದು ಆರೋಗ್ಯ ಅರ್ಥಶಾಸ್ತ್ರದ ಕೆಲಸ. ಹೆಸರು ಭಾರವಾಗಿದೆ ನಿಜ. ಆದರೆ ನಮ್ಮ ಕರ್ನಾಟಕದಲ್ಲೇ ಇದರ ಒಂದು ಒಳ್ಳೆಯ ಉದಾಹರಣೆ ಇದೆ, ಅದನ್ನು ಓದಿದರೆ ಅರ್ಥವಾಗದ್ದೇನೂ ಇಲ್ಲ.

ಕಾರ್ಡ್ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿದರೆ ಸಾಲದೇ?

ಮೊದಲು ಹೊಳೆಯುವ ಉಪಾಯ ಅದೇ. ಕಾರ್ಡ್ ಇರುವ ನೂರು ಜನ, ಇಲ್ಲದ ನೂರು ಜನ. ಯಾರಲ್ಲಿ ಸಾವು ಹೆಚ್ಚು ಎಂದು ಎಣಿಸಿಬಿಡುವುದು.

ಹಾಗೆ ಎಣಿಸಿದರೆ ಕಾರ್ಡ್ ಇದ್ದವರೇ ಹೆಚ್ಚು ಸತ್ತಂತೆ ಕಾಣುವ ಸಂಭವ ಇದೆ. ಕಾರಣ, ಬಡತನ ರೇಖೆಗಿಂತ ಕೆಳಗಿರುವವರಿಗೆ ಎಂದೇ ಕೊಟ್ಟ ಕಾರ್ಡ್ ಅದು. ಅವರ ಊಟ, ದುಡಿಮೆ, ಮನೆ, ಕುಡಿಯುವ ನೀರು ಎಲ್ಲವೂ ಬೇರೆ. ಮಳೆಯ ದಿನ ಬೀದಿಯಲ್ಲಿ ನಿಂತು ನೋಡಿ. ಕೊಡೆ ಹಿಡಿದವರ ಕಾಲು ಒದ್ದೆ, ಮನೆಯೊಳಗೆ ಕೊಡೆಯಿಲ್ಲದೆ ಕೂತವರ ಕಾಲು ಒಣ. ಹಾಗೆಂದು ಕೊಡೆಯಿಂದ ಕಾಲು ನೆನೆಯುತ್ತದೆ ಎನ್ನಲಾಗದು.

ಸರಿ, ಯೋಜನೆ ಬರುವ ಮೊದಲು ಮತ್ತು ಬಂದ ಮೇಲೆ ಎಂದು ಹೋಲಿಸೋಣವೇ? ಅದೂ ಮೋಸ ಮಾಡುತ್ತದೆ. ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರಲ್ಲಿ. ರಸ್ತೆ ಸುಧಾರಿಸಿತು, ಮೊಬೈಲ್ ಬಂತು, ಜಿಲ್ಲಾ ಕೇಂದ್ರದಲ್ಲಿ ಹೊಸ ಆಸ್ಪತ್ರೆ ತೆರೆಯಿತು. ಸಾವು ಇಳಿದರೆ ಅದರ ಶ್ರೇಯಸ್ಸು ಯಾರಿಗೆ? ಸರ್ಕಾರಿ ಜಾಹೀರಾತುಗಳು ಅನೇಕ ಸಲ ಈ ‘ಮೊದಲು–ಆಮೇಲೆ’ ಹೋಲಿಕೆಯನ್ನೇ ಬಳಸುತ್ತವೆ. ಅದನ್ನು ಕಂಡಾಗಲೆಲ್ಲ ನನಗೆ ತೂಕ ಇಳಿಸುವ ಪುಡಿಯ ಜಾಹೀರಾತು ನೆನಪಾಗುತ್ತದೆ.

ಬೇಕಾದದ್ದು ಎಲ್ಲ ವಿಷಯದಲ್ಲೂ ಒಂದೇ ತರಹ ಇದ್ದು, ಕಾರ್ಡಿನ ಸೌಲಭ್ಯ ಒಂದರಲ್ಲಿ ಮಾತ್ರ ಬೇರೆಯಾದ ಎರಡು ಗುಂಪು. ಅಂಥದ್ದು ತಾನಾಗಿ ಸಿಗುವುದು ಅಪರೂಪ. 2010ರಲ್ಲಿ ಕರ್ನಾಟಕದಲ್ಲಿ ಸಿಕ್ಕಿತು.

ಒಂದು ಗೆರೆ, ಎರಡು ಬದಿ

ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆ ಅನೇಕರಿಗೆ ನೆನಪಿರಬಹುದು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತಿತ್ತು. ಹೃದ್ರೋಗ, ಕ್ಯಾನ್ಸರ್, ನರರೋಗ, ಮೂತ್ರಪಿಂಡದ ಕಾಯಿಲೆ, ಸುಟ್ಟಗಾಯ, ಅಪಘಾತ, ನವಜಾತ ಶಿಶುಗಳ ತೊಂದರೆ ಮುಂತಾದ ದೊಡ್ಡ ಕಾಯಿಲೆಗಳಿಗೆ ದೊಡ್ಡ ಆಸ್ಪತ್ರೆಯಲ್ಲಿ ನಗದುರಹಿತ ಚಿಕಿತ್ಸೆ. ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ, ಅಗತ್ಯಬಿದ್ದರೆ ಮೇಲೆ ಇನ್ನೂ 50 ಸಾವಿರ. ಪ್ರೀಮಿಯಂ ಇಲ್ಲ, ಹೆಸರು ನೋಂದಾಯಿಸುವ ಸರದಿಯಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯಿತು. ಹಳ್ಳಿಗಳಲ್ಲಿ ತಪಾಸಣಾ ಶಿಬಿರ ನಡೆಸಿ, ಕಾಯಿಲೆಯ ಅನುಮಾನ ಇದ್ದವರನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು. ಆಸ್ಪತ್ರೆಯಲ್ಲಿ ಕಾಗದಪತ್ರ ನೋಡಿಕೊಳ್ಳಲು ‘ಆರೋಗ್ಯ ಮಿತ್ರ’ ಎಂಬ ಸಿಬ್ಬಂದಿ ಇರುತ್ತಿದ್ದರು.

ಈ ಯೋಜನೆ ಇಡೀ ರಾಜ್ಯದಲ್ಲಿ ಒಂದೇ ದಿನ ಶುರುವಾಗಲಿಲ್ಲ. ಹಿಂದುಳಿದ ಉತ್ತರದ ಭಾಗಕ್ಕೆ ಮೊದಲು ಎಂದು 2010ರ ಫೆಬ್ರವರಿಯಲ್ಲಿ ಅಲ್ಲಿ ಆರಂಭಿಸಿದರು. 2012ರ ಆಗಸ್ಟ್‌ವರೆಗೆ ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ಹಳ್ಳಿಗಳಿಗೆ ಸೌಲಭ್ಯ ಇತ್ತು, ಉಳಿದರ್ಧಕ್ಕೆ ಇರಲಿಲ್ಲ. ಅಂದರೆ ನಕ್ಷೆಯ ಮೇಲೆ ಒಂದು ಗೆರೆ. ಗೆರೆಯ ಉತ್ತರದ ಹಳ್ಳಿಯ ಬಡ ರೈತನಿಗೆ ಹೃದಯದ ಆಪರೇಷನ್ ಉಚಿತ. ಗೆರೆ ದಾಟಿ ದಕ್ಷಿಣಕ್ಕೆ ಬಂದರೆ ಅಂಥದ್ದೇ ರೈತನಿಗೆ ಏನೂ ಇಲ್ಲ.

ಗೆರೆಯ ಆಚೀಚೆ ಅಕ್ಕಪಕ್ಕದಲ್ಲೇ ಇರುವ ಹಳ್ಳಿಗಳಲ್ಲಿ ಬೀಳುವ ಮಳೆ ಒಂದೇ, ಹೋಗುವ ಸಂತೆ ಒಂದೇ, ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಇರುತ್ತವೆ. ಆಡಳಿತದ ಅನುಕೂಲಕ್ಕೆ ಎಳೆದ ಗೆರೆ ಅವರ ರಕ್ತದೊತ್ತಡವನ್ನು ಬದಲಿಸುವುದಿಲ್ಲ. ಹಾಗಾಗಿ ಎರಡು ಬದಿಯಲ್ಲಿ ಸಾವಿನ ಪ್ರಮಾಣ ಬೇರೆಯಾದರೆ, ಯೋಜನೆಯೇ ಕಾರಣ ಎನ್ನಲು ಆಧಾರ ಸಿಗುತ್ತದೆ. ಇಂಥ ಸಂದರ್ಭವನ್ನು ಸಂಶೋಧಕರು ‘ಸಹಜ ಪ್ರಯೋಗ’ ಎನ್ನುತ್ತಾರೆ. ಯಾರೂ ಪ್ರಯೋಗ ಮಾಡಲು ಹೊರಟಿರಲಿಲ್ಲ, ಆದರೆ ಆಗಿಬಿಟ್ಟಿತು.

ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೀರಜ್ ಸೂದ್, ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಅರ್ಣಬ್ ಮುಖರ್ಜಿ ಮತ್ತು ಅವರ ಸಂಗಡಿಗರು ಇದನ್ನು ಗಮನಿಸಿದರು. ಸೌಲಭ್ಯ ಇದ್ದ 300 ಹಳ್ಳಿ, ಅವುಗಳಿಗೆ ಹೋಲುವ, ಸೌಲಭ್ಯ ಇಲ್ಲದ ನೆರೆಯ 272 ಹಳ್ಳಿ, ಒಟ್ಟು 572. ಮನೆಗಳ ಲೆಕ್ಕದಲ್ಲಿ ಉತ್ತರದ ಬದಿಯಲ್ಲಿ 31,476, ದಕ್ಷಿಣದ ಬದಿಯಲ್ಲಿ 28,633. ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳು! ಮನೆಯಲ್ಲಿ ಯಾರಾದರೂ ತೀರಿಕೊಂಡರೇ, ಯಾವ ಕಾಯಿಲೆಯಿಂದ, ಆಸ್ಪತ್ರೆಗೆ ಸೇರಿದ್ದರೇ, ಕೈಯಿಂದ ಎಷ್ಟು ಹೋಯಿತು ಎಂದು ವಿಚಾರಿಸಿ ಬರೆದುಕೊಂಡ ಮಾಹಿತಿ ಅದು. ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಏನು ಕಂಡಿತು?

ಯೋಜನೆಯಲ್ಲಿ ಚಿಕಿತ್ಸೆ ಸಿಗುವಂಥ ಕಾಯಿಲೆಗಳಿಂದ (ಬಹುಪಾಲು ಹೃದ್ರೋಗ ಮತ್ತು ಕ್ಯಾನ್ಸರ್) ಬಿಪಿಎಲ್ ಮನೆಗಳಲ್ಲಿ ಆದ ಸಾವಿನ ಪ್ರಮಾಣ, ಸೌಲಭ್ಯ ಇದ್ದ ಬದಿಯಲ್ಲಿ ಶೇ. 0.32, ಇಲ್ಲದ ಬದಿಯಲ್ಲಿ ಶೇ. 0.90. ಸಾವಿರಕ್ಕೆ ಸುಮಾರು ಮೂರು ಒಂದು ಕಡೆ, ಒಂಬತ್ತು ಇನ್ನೊಂದು ಕಡೆ ಎಂದುಕೊಳ್ಳಿ. ದೊಡ್ಡ ಕಾಯಿಲೆಗೆ ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹಾಕುವ ಹಣವೂ ಸೌಲಭ್ಯ ಇದ್ದ ಬದಿಯಲ್ಲಿ ಗಣನೀಯವಾಗಿ ಕಡಿಮೆ ಇತ್ತು.

ಇಷ್ಟಕ್ಕೇ ನಂಬಬೇಡಿ. ನಾನು ಈ ಅಧ್ಯಯನವನ್ನು ಮೊದಲು ಓದಿದಾಗ ನನಗೂ ಅನುಮಾನ ಬಂದಿತ್ತು. ಗೆರೆಯ ಉತ್ತರದ ಹಳ್ಳಿಗಳಲ್ಲಿ ಬೇರೆ ಏನೋ ಚೆನ್ನಾಗಿರಬಹುದಲ್ಲ? ಹತ್ತಿರದಲ್ಲಿ ಒಳ್ಳೆಯ ಆಸ್ಪತ್ರೆ, ಒಳ್ಳೆಯ ವೈದ್ಯರು?

ಈ ಅಧ್ಯಯನದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದಕ್ಕೆ ಕೊಟ್ಟ ಉತ್ತರ. ಅದೇ ಹಳ್ಳಿಗಳಲ್ಲಿ ಎಪಿಎಲ್ ಕುಟುಂಬಗಳೂ ಇದ್ದವು. ಅವರು ಯೋಜನೆಗೆ ಅರ್ಹರಲ್ಲ. ಉತ್ತರದ ಹಳ್ಳಿಗಳಲ್ಲಿ ಬೇರೆ ಏನಾದರೂ ಒಳ್ಳೆಯದಿದ್ದರೆ, ಅದು ಇವರಿಗೂ ಸಿಗಬೇಕಿತ್ತು, ಇವರಲ್ಲೂ ಸಾವು ಕಡಿಮೆ ಇರಬೇಕಿತ್ತು. ನೋಡಿದರೆ ಎಪಿಎಲ್ ಮನೆಗಳಲ್ಲಿ ಅದೇ ಕಾಯಿಲೆಗಳ ಸಾವು ಉತ್ತರದಲ್ಲಿ ಶೇ. 0.56, ದಕ್ಷಿಣದಲ್ಲಿ ಶೇ. 0.55. ವ್ಯತ್ಯಾಸವೇ ಇಲ್ಲ. ಹಳ್ಳಿ ಅದೇ, ವೈದ್ಯರು ಅವರೇ, ಗಾಳಿ ಅದೇ. ಬದಲಾದದ್ದು ಕಾರ್ಡ್ ಇದ್ದ ಮನೆಯಲ್ಲಿ ಮಾತ್ರ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಸೌಲಭ್ಯ ಇಲ್ಲದ ಬದಿಯಲ್ಲಿ ಬಡವರ ಸಾವು ಸಾವಿರಕ್ಕೆ ಒಂಬತ್ತು, ಅವರಿಗಿಂತ ಅನುಕೂಲಸ್ಥರದ್ದು ಐದೂವರೆ. ಸೌಲಭ್ಯ ಇದ್ದ ಬದಿಯಲ್ಲಿ ಈ ಅಂತರ ಉಳಿದಿರಲಿಲ್ಲ, ತಿರುಗುಮುರುಗೇ ಆಗಿತ್ತು.

ಆದರೆ ಇದರಲ್ಲೂ ಒಂದು ಗಂಟು ಇದೆ

ಸಾವು ಇಷ್ಟು ಇಳಿದಿದೆ ಎಂದರೆ ದೊಡ್ಡ ಆಸ್ಪತ್ರೆಗೆ ಸೇರಿದವರ ಸಂಖ್ಯೆ ಅಷ್ಟೇ ಏರಿರಬೇಕಲ್ಲವೇ? ದತ್ತಾಂಶದಲ್ಲಿ ಏರಿಕೆ ಕಂಡದ್ದು ಶೇ. 44.2. ಆದರೆ ಆ ಅಂದಾಜಿನ ಹರವು ಶೇ. 5ರ ಇಳಿಕೆಯಿಂದ ಶೇ. 90ರ ಏರಿಕೆಯವರೆಗೆ ಹಬ್ಬಿತ್ತು. ಅಂದರೆ ಏರಿದ್ದು ನಿಜವಾದ ಏರಿಕೆಯೋ ಕಾಕತಾಳೀಯವೋ ಎಂದು ಖಚಿತವಾಗಿ ಹೇಳಲಾಗದ ಸ್ಥಿತಿ. ಸಂಶೋಧಕರು ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಫಾರ್ವರ್ಡ್ ಮಾಡುವವರು ಮಾತ್ರ ಇಂಥ ಸಾಲನ್ನೇ ಮೊದಲು ಕತ್ತರಿಸುತ್ತಾರೆ!

ಅದೇ ತಂಡದಲ್ಲಿದ್ದವರು ನಡೆಸಿದ ಮುಂದಿನ ಅಧ್ಯಯನವೊಂದು ಈ ಗಂಟನ್ನು ಸ್ವಲ್ಪ ಸಡಿಲಿಸುತ್ತದೆ. ಸೌಲಭ್ಯ ಇದ್ದವರು ಕಾಯಿಲೆಯ ಲಕ್ಷಣ ಕಂಡಾಗ ವೈದ್ಯರ ಬಳಿ ಹೋಗುವ ಸಾಧ್ಯತೆ ಹೆಚ್ಚಾಗಿತ್ತು. ಶಸ್ತ್ರಚಿಕಿತ್ಸೆಯ ನಂತರದ ಸೋಂಕು, ಮತ್ತೆ ಆಸ್ಪತ್ರೆಗೆ ಸೇರುವ ಪ್ರಸಂಗ ಅವರಲ್ಲಿ ಕಡಿಮೆ ಇತ್ತು. ಇದು ನಮ್ಮ ಊರಿನ ಅನುಭವಕ್ಕೂ ಹೊಂದುತ್ತದೆ. ಎದೆ ಹಿಂಡಿದಂತಾದಾಗ ಹಳ್ಳಿಯಲ್ಲಿ ಮೊದಲು ಬರುವ ಮಾತು ‘ಗ್ಯಾಸ್ ಇರಬೇಕು, ಸೋಡಾ ಕುಡಿ’. ಅದು ಅಜ್ಞಾನ ಎಂದು ನಗುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದರ ಹಿಂದೆ ಇರುವುದು ಲೆಕ್ಕಾಚಾರ. ಹೃದಯ ಎಂದು ಗೊತ್ತಾದರೆ ಎರಡು ಲಕ್ಷ ಎಲ್ಲಿಂದ ತರುವುದು? ಗೊತ್ತಾಗದಿರುವುದೇ ಅಗ್ಗ. ದುಡ್ಡಿನ ಭಯ ಕಡಿಮೆಯಾದಾಗ ಜನ ಒಂದು ದಿನ ಮೊದಲೇ ಹೊರಡುತ್ತಾರೆ. ಹೃದಯಾಘಾತದಲ್ಲಿ ಒಂದು ದಿನವಲ್ಲ, ಒಂದು ಗಂಟೆಯೂ ದೊಡ್ಡದು.

ಇನ್ನೂ ಒಂದು ಮಿತಿ ಇದೆ. ಹಳ್ಳಿಯ ಸಾವುಗಳಿಗೆ ವೈದ್ಯರು ಬರೆದ ಕಾರಣ ಇರುವುದು ಕಡಿಮೆ. ‘ಎದೆನೋವು ಅಂದರು, ಹೋಗಿಬಿಟ್ಟರು’ ಎಂದು ಮನೆಯವರು ಹೇಳಿದ್ದನ್ನು ಆಧರಿಸಿ ಕಾಯಿಲೆ ಗುರುತಿಸಬೇಕು. ಅದರಲ್ಲಿ ತಪ್ಪುಗಳಿರುತ್ತವೆ. ಆದರೆ ಆ ತಪ್ಪು ಗೆರೆಯ ಎರಡೂ ಬದಿಯಲ್ಲಿ ಸರಿಸುಮಾರು ಒಂದೇ ರೀತಿ ಆಗಿರುತ್ತದೆ ಎಂಬುದಷ್ಟೇ ಸಮಾಧಾನ. ಹಾಗಾಗಿ ಸಾವು ಇಳಿದಿತ್ತು ಎಂಬುದನ್ನು ನಾನು ನಂಬುತ್ತೇನೆ; ಸರಿಯಾಗಿ ಅಷ್ಟೇ ಪ್ರಮಾಣದಲ್ಲಿ ಇಳಿಯಿತೇ ಎಂದು ಕೇಳಿದರೆ ಪಂದ್ಯ ಕಟ್ಟಲಾರೆ.

ಹಾಗಾದರೆ ಎಲ್ಲ ವಿಮೆಯೂ ಜೀವ ಉಳಿಸುತ್ತದೆಯೇ?

ಇಲ್ಲ. ಇದಕ್ಕೂ ಉದಾಹರಣೆ ನಮ್ಮ ರಾಜ್ಯದ್ದೇ.

2008ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ತಂದಿತ್ತು. ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗಿನ ಆಸ್ಪತ್ರೆ ಖರ್ಚು, ಬೆರಳಚ್ಚು ಇರುವ ಸ್ಮಾರ್ಟ್ ಕಾರ್ಡ್, ನೋಂದಣಿಗೆ 30 ರೂಪಾಯಿ. ಇದರ ಪರಿಣಾಮ ತಿಳಿಯಲು 2015ರಿಂದ 2018ರವರೆಗೆ ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳ 10,879 ಕುಟುಂಬಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅನೂಪ್ ಮಲಾನಿ ಮತ್ತು ಸಂಗಡಿಗರು ನಡೆಸಿದ ಈ ಪ್ರಯೋಗದಲ್ಲಿ ಗೆರೆಯನ್ನು ಹುಡುಕುವ ಗೋಜಿಲ್ಲ. ಚೀಟಿ ಎತ್ತಿದಂತೆ ಕುಟುಂಬಗಳನ್ನು ಗುಂಪು ಮಾಡಿದರು. ಒಂದು ಗುಂಪಿಗೆ ವಿಮೆ ಉಚಿತ. ಇನ್ನೊಂದಕ್ಕೆ ಬೆಲೆ ಕೊಟ್ಟು ಕೊಳ್ಳುವ ಅವಕಾಶ. ಮೂರನೆಯದಕ್ಕೆ ಕೊಳ್ಳುವ ಅವಕಾಶದ ಜೊತೆ ಸ್ವಲ್ಪ ನಗದು. ನಾಲ್ಕನೆಯದಕ್ಕೆ ಏನೂ ಇಲ್ಲ.

ಜನ ವಿಮೆಯನ್ನು ಉತ್ಸಾಹದಿಂದ ತೆಗೆದುಕೊಂಡರು. ದುಡ್ಡು ಕೊಟ್ಟೂ ಕೊಂಡರು. ಆದರೆ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಾರ್ಡನ್ನು ಬಳಸಲು ಹೋದ ಅನೇಕರಿಗೆ ಬಳಸಲು ಆಗಲೇ ಇಲ್ಲ. ಕೈಯಲ್ಲಿ ಕಾರ್ಡ್ ಇತ್ತು, ಚಿಕಿತ್ಸೆ ಕಾರ್ಡಿನಲ್ಲಿ ನಡೆಯಲಿಲ್ಲ. ನಮ್ಮ ಅತ್ತೆ ಗುಂಪಿನಲ್ಲಿ ಬರೆದದ್ದು ಒಬ್ಬರ ಗೊಣಗಾಟ ಮಾತ್ರವಲ್ಲ ಎಂದಾಯಿತು.

ಒಂದೇ ರಾಜ್ಯ, ಎರಡು ಯೋಜನೆ, ಎರಡು ಉತ್ತರ. ಯಾಕೆ? ನನಗೆ ಕಾಣುವುದು ಹೀಗೆ. ಮೊದಲನೆಯದು ಸಾವು–ಬದುಕಿನ ಕಾಯಿಲೆಗಳಿಗೆ ಇತ್ತು. ಎರಡನೆಯದರ 30,000ದಲ್ಲಿ ಹೆಚ್ಚಾಗಿ ಆಗುವುದು ಸಣ್ಣ–ಮಧ್ಯಮ ಚಿಕಿತ್ಸೆ, ಅದರಿಂದ ಅನುಕೂಲ ಆದರೂ ಸಾವಿನ ಲೆಕ್ಕದಲ್ಲಿ ಕಾಣುವುದು ಕಷ್ಟ. ಮೊದಲನೆಯದರಲ್ಲಿ ಶಿಬಿರ ಹಳ್ಳಿಗೇ ಬಂದು ರೋಗಿಯನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿತ್ತು. ಎರಡನೆಯದರಲ್ಲಿ ಎಲ್ಲಿಗೆ ಹೋಗಬೇಕು, ಏನು ತೋರಿಸಬೇಕು ಎಂಬುದು ರೋಗಿಯ ತಲೆನೋವು. ಪ್ರಯೋಗಕ್ಕೆ ಒಳಗಾದ ಕುಟುಂಬಗಳೂ ಕಡುಬಡವರಲ್ಲ. ಯೋಜನೆಗೆ ಮೊದಲು ಅರ್ಹರಲ್ಲದ, ಬಡತನ ರೇಖೆಗಿಂತ ಮೇಲಿನವರು. ‘ವಿಮೆ ಒಳ್ಳೆಯದೇ ಕೆಟ್ಟದ್ದೇ’ ಎಂಬ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತದೆ. ಯಾವ ಕಾಯಿಲೆಗೆ, ಯಾರಿಗೆ, ಹೇಗೆ ತಲುಪಿಸಿದರು ಎಂದು ಕೇಳಬೇಕು.

ರೂಪಾಯಿ ಲೆಕ್ಕ ಯಾಕೆ? ಜೀವಕ್ಕೆ ಬೆಲೆ ಕಟ್ಟುತ್ತಾರೆಯೇ?

ಆರೋಗ್ಯ ಅರ್ಥಶಾಸ್ತ್ರ ಎಂದ ಕೂಡಲೇ ಕೇಳಿಬರುವ ಆಕ್ಷೇಪ ಇದು. ನನ್ನ ಎಂ.ಎ. ತರಗತಿಯಲ್ಲೂ ಇದರ ಮೇಲೆ ಜಗಳ ಆಗಿತ್ತು.

ಒಂದು ಲೆಕ್ಕ ನೋಡೋಣ. ಇದು ತಿಳಿಯಲು ಮಾಡಿಕೊಂಡ ಊಹೆ, ನಿಜವಾದ ಅಂಕಿಯಲ್ಲ. ಒಂದು ತಾಲ್ಲೂಕಿಗೆ 10 ಲಕ್ಷ ರೂಪಾಯಿ ಬಂದಿದೆ. ಒಂದು ದಾರಿ, ತಲಾ 2 ಲಕ್ಷದಂತೆ 5 ಜನರಿಗೆ ದೊಡ್ಡ ಆಪರೇಷನ್. ಇನ್ನೊಂದು ದಾರಿ, ವರ್ಷಕ್ಕೆ ತಲಾ 500 ರೂಪಾಯಿಯ ಬಿಪಿ ಮಾತ್ರೆಯನ್ನು 2,000 ಜನರಿಗೆ ಕೊಡುವುದು. ಮೊದಲನೆಯದರಲ್ಲಿ ಉಳಿದ ಐದು ಜನರ ಮುಖ ಕಾಣುತ್ತದೆ, ಫೋಟೊ ತೆಗೆಯಬಹುದು. ಎರಡನೆಯದರಲ್ಲಿ ಪಾರ್ಶ್ವವಾಯು ತಪ್ಪಿಸಿಕೊಂಡವರಿಗೆ ತಾವು ತಪ್ಪಿಸಿಕೊಂಡೆವು ಎಂಬುದೇ ಗೊತ್ತಿರುವುದಿಲ್ಲ. ಯಾವುದರಲ್ಲಿ ಹೆಚ್ಚು ಜನ ಹೆಚ್ಚು ವರ್ಷ ಚೆನ್ನಾಗಿ ಬದುಕುತ್ತಾರೆ ಎಂದು ಎಣಿಸದೆ ಹಣ ಹಂಚಿದರೆ, ಮುಖ ಕಾಣದವರು ಸಾಯುತ್ತಾರೆ. ಲೆಕ್ಕ ಮಾಡದಿರುವುದೂ ಒಂದು ತೀರ್ಮಾನವೇ.

ಎಣಿಸುವ ಅಳತೆಗೋಲು ಬರೀ ‘ಬದುಕಿದ ವರ್ಷ’ ಅಲ್ಲ. ಹಾಸಿಗೆ ಹಿಡಿದು ಕಳೆದ ಒಂದು ವರ್ಷವನ್ನೂ ಹೊಲಕ್ಕೆ ಹೋಗಿ ಬಂದು ಮಾಡಿದ ಒಂದು ವರ್ಷವನ್ನೂ ಒಂದೇ ಎಂದು ಎಣಿಸುವುದಿಲ್ಲ. ಬದುಕಿನ ಗುಣಮಟ್ಟ ಸೇರಿಸಿ ತೂಗುತ್ತಾರೆ. ಭಾರತದಲ್ಲಿ ಇಂಥ ಲೆಕ್ಕ ಮಾಡಲು ಆರೋಗ್ಯ ಸಂಶೋಧನಾ ಇಲಾಖೆಯ ಅಡಿ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನಕ್ಕೆಂದೇ ಒಂದು ವ್ಯವಸ್ಥೆ ಇದೆ. ಅದು ಆರಂಭದಲ್ಲೇ ಕೈಗೆತ್ತಿಕೊಂಡದ್ದು ಕಣ್ಣಿನ ಪೊರೆಯ ಆಪರೇಷನ್ನು, ಅದರಲ್ಲಿ ಹಾಕುವ ಮಸೂರ. ದುಬಾರಿ ಯಂತ್ರ ಮತ್ತು ಮಡಚುವ ಮಸೂರದ ವಿಧಾನಕ್ಕಿಂತ, ಕೈಯಿಂದ ಮಾಡುವ ಸಣ್ಣ ಗಾಯದ ಶಸ್ತ್ರಚಿಕಿತ್ಸೆ ಮತ್ತು ಗಟ್ಟಿ ಮಸೂರವೇ ಸರ್ಕಾರಿ ಕಾರ್ಯಕ್ರಮದ ಹಣಕ್ಕೆ ಹೆಚ್ಚು ತಕ್ಕದ್ದು ಎಂಬ ತೀರ್ಮಾನಕ್ಕೆ ಬಂತು. ‘ದುಬಾರಿಯಾದದ್ದೇ ಒಳ್ಳೆಯದು’ ಎಂಬ ಫಾರ್ವರ್ಡ್‌ಗಳಿಗೆ ಇದನ್ನು ಉತ್ತರವಾಗಿ ಕಳಿಸಬಹುದು.

ಇದೆಲ್ಲ ನಮಗೇಕೆ ಎನ್ನುವವರಿಗೆ ಒಂದೇ ಅಂಕಿ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013–14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 64.2ರಷ್ಟು ಜನರ ಜೇಬಿನಿಂದಲೇ ಹೋಗುತ್ತಿತ್ತು. 2021–22ರಲ್ಲಿ ಅದು ಶೇ. 39.4. ಇಳಿದಿದೆ, ಆದರೂ ನೂರಕ್ಕೆ ಸುಮಾರು ನಲವತ್ತು ರೂಪಾಯಿ ಈಗಲೂ ಅಡವಿಟ್ಟ ಒಡವೆ, ಮಾರಿದ ಹಸು, ಸಂಘದ ಸಾಲದಂಥ ಕಡೆಗಳಿಂದ ಬರಬೇಕು.

ದತ್ತಾಂಶವೇ ಸುಳ್ಳಾದರೆ?

ಈಗಿನ ಯೋಜನೆಗಳಲ್ಲಿ ಸಂಶೋಧಕರು ಮನೆಮನೆಗೆ ಹೋಗಿ ಕೇಳುವುದಕ್ಕಿಂತ, ಕಂಪ್ಯೂಟರಿನಲ್ಲಿ ತಾನಾಗಿ ಬೀಳುವ ಮಾಹಿತಿ ಎಷ್ಟೋ ಪಟ್ಟು ಹೆಚ್ಚು. ಯಾರು ಸೇರಿದರು, ಯಾವ ಕಾಯಿಲೆ, ಎಷ್ಟು ಬಿಲ್ಲು, ಬಿಡುಗಡೆಯಾದರೋ ತೀರಿಕೊಂಡರೋ, ಎಲ್ಲವೂ ದಾಖಲಾಗುತ್ತದೆ. ಸರಿಯಾಗಿ ಬಳಸಿದರೆ ಯಾವ ಆಸ್ಪತ್ರೆಯಲ್ಲಿ ಯಾವ ಆಪರೇಷನ್ ಆದವರು ಮತ್ತೆ ಮತ್ತೆ ಸೇರುತ್ತಿದ್ದಾರೆ, ಎಲ್ಲಿ ಅನಗತ್ಯ ಆಪರೇಷನ್ ಆಗುತ್ತಿದೆ ಎಂದು ವಾರದೊಳಗೆ ಗೊತ್ತುಮಾಡಬಹುದು.

ಆದರೆ ಬರೆದದ್ದು ಸರಿಯಿರಬೇಕು. ಆಯುಷ್ಮಾನ್ ಭಾರತ್ ಯೋಜನೆಯ ಬಗ್ಗೆ 2023ರಲ್ಲಿ ಬಂದ ಮಹಾಲೇಖಪಾಲರ ವರದಿ ನಿಮಗೆ ನೆನಪಿರಬಹುದು, ಅದೂ ಆಗ ಸಿಕ್ಕಾಪಟ್ಟೆ ಫಾರ್ವರ್ಡ್ ಆಗಿತ್ತು. ಸುಮಾರು 7.5 ಲಕ್ಷ ಫಲಾನುಭವಿಗಳ ಮೊಬೈಲ್ ಸಂಖ್ಯೆ ಒಂದೇ ಆಗಿತ್ತು: ಹತ್ತು ಸಲ ಒಂಬತ್ತು. ಮೊದಲೇ ತೀರಿಕೊಂಡರೆಂದು ದಾಖಲಾದ 3,446 ರೋಗಿಗಳ ಹೆಸರಿನಲ್ಲಿ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಫಲಾನುಭವಿಯನ್ನು ಗುರುತಿಸಲು ಮೊಬೈಲ್ ಸಂಖ್ಯೆ ಬಳಸುವುದೇ ಇಲ್ಲ ಎಂದು ಸರ್ಕಾರ ಉತ್ತರಿಸಿತು. ಅದು ಇದ್ದರೂ ಇರಬಹುದು. ಆದರೆ ಚಿಕಿತ್ಸೆಯಾದ ಮೂರು ತಿಂಗಳ ಮೇಲೆ ‘ಹೇಗಿದ್ದೀರಿ, ದುಡ್ಡು ಕೇಳಿದರೇ’ ಎಂದು ಕರೆಮಾಡಿ ವಿಚಾರಿಸಬೇಕೆಂದರೆ ಆ ಏಳೂವರೆ ಲಕ್ಷ ಜನರಲ್ಲಿ ಒಬ್ಬರಿಗೂ ಕರೆ ಹೋಗುವುದಿಲ್ಲ. ನೋಂದಣಿ ಕೇಂದ್ರದಲ್ಲಿ ‘ಯಾವುದೋ ಒಂದು ನಂಬರ್ ಹಾಕಿ’ ಎನ್ನುವ ಮುನ್ನ ಇದು ನೆನಪಿರಲಿ.

ಅಮ್ಮನಿಗೆ ನಾನು ಕೊಟ್ಟ ಉತ್ತರ

ಫಾರ್ವರ್ಡ್‌ನಲ್ಲಿ ಅರ್ಧ ನಿಜ ಇತ್ತು: ಕೆಲವು ಕಡೆ ಸತಾಯಿಸುತ್ತಾರೆ. ಆದರೆ ಅದು ಕೊಟ್ಟ ಸಲಹೆ ಅಪಾಯಕಾರಿ. ಎದೆನೋವು ಬಂದಾಗ ಕಾರ್ಡ್ ಬದಿಗಿಟ್ಟು ಸಾಲ ಹುಡುಕಲು ಹೊರಟರೆ ಆಗುವ ತಡವೇ ಜೀವ ತೆಗೆಯಬಹುದು. 572 ಹಳ್ಳಿಗಳ ಲೆಕ್ಕವನ್ನು ನಾನು ಓದಿಕೊಂಡದ್ದು ಹಾಗೆ.

ವಾಜಪೇಯಿ ಆರೋಗ್ಯಶ್ರೀ ಈಗ ಆ ಹೆಸರಿನಲ್ಲಿ ಇಲ್ಲ. 2018ರಿಂದ ಅದು ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ದಲ್ಲಿ ಸೇರಿದೆ. ಅದು ಜಾರಿಯಾದಾಗಿನ ನಿಯಮದಂತೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ಮಿತಿ 1.5 ಲಕ್ಷ. ಎಪಿಎಲ್‌ನವರಿಗೂ ಪೂರ್ತಿ ಉಚಿತ ಎಂಬ ಇನ್ನೊಂದು ಫಾರ್ವರ್ಡ್ ಇದೆ. ಅದನ್ನು ನಂಬಿ ಹೋದವರೇ ಬಿಲ್ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುತ್ತಾರೆ.

ಸಾಮಾನ್ಯ ಸಂದರ್ಭದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಶಿಫಾರಸು ಪತ್ರ ಬರೆದುಕೊಡುತ್ತಾರೆ, ಅದನ್ನು ಹಿಡಿದು ಯೋಜನೆಯಲ್ಲಿರುವ ಆಸ್ಪತ್ರೆಗೆ. ಹೃದಯಾಘಾತದಂಥ ತುರ್ತು ಸಂದರ್ಭದಲ್ಲಿ ಆ ಪತ್ರಕ್ಕಾಗಿ ಕಾಯಬೇಕಿಲ್ಲ, ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಪಡಿತರ ಚೀಟಿ ಮತ್ತು ಆಧಾರ್ ಬೇಕು. ಒಳಗೆ ಹೋದ ಕೂಡಲೇ ಆರೋಗ್ಯ ಮಿತ್ರ ಎಲ್ಲಿದ್ದಾರೆ ಎಂದು ಕೇಳಿ. ಸತಾಯಿಸಿದರೆ 14555ಕ್ಕೆ ಕರೆ ಮಾಡಿ, ಹೇಳಿದವರ ಹೆಸರು ಮತ್ತು ಸಮಯ ಬರೆದಿಟ್ಟುಕೊಳ್ಳಿ.

ಅಮ್ಮ ಇದನ್ನೆಲ್ಲ ಓದಿ, ಉದ್ದವಾಯಿತು, ಯಾರೂ ಪೂರ್ತಿ ಓದುವುದಿಲ್ಲ ಎಂದರು. ಕೊನೆಗೆ ಗುಂಪಿನಲ್ಲಿ ಅವರೇ ಒಂದು ಸಾಲು ಹಾಕಿದರು: ‘ಎಲ್ಲರೂ ರೇಷನ್ ಕಾರ್ಡ್ ಮತ್ತು ಆಧಾರ್ ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಅಸಲಿ ಎಲ್ಲಿದೆ ಅಂತ ಮನೆಯವರಿಗೆ ಹೇಳಿ.’ ಅತ್ತೆ ಅದಕ್ಕೆ ಹೆಬ್ಬೆರಳು ತೋರಿಸಿದರು.